ಶುಕ್ರವಾರದೊಳಗೆ ನಿನ್ನ ಸಹಿ

ಮಾಂಟೆವಿಡಿಯೊ
ಸೋಮವಾರ, ೪ ಮಾರ್ಚ್ ೧೯೯೬

ನನ್ನ ಮುದುಕ ವಿಲ್ಮಾರ್‌ಗೆ,

ನಿನ್ನ ಮುದುಕಿಯ ಮುತ್ತುಗಳು. ತಲುಪಿದ ದಿನವೇ ಕಾಗದ ಹಾಕುತ್ತೇನೆ ಎಂದು ಹೇಳಿ ಬಂದವಳು ಒಂಬತ್ತು ದಿನ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ. ಕೋಪ ಮಾಡಿಕೊಳ್ಳಬೇಡ. ದಿನಾ ಬೆಳಿಗ್ಗೆ ಇವತ್ತು ಬರೆದೇಬಿಡಬೇಕು ಅಂದುಕೊಳ್ಳುತ್ತೇನೆ, ದಿನಾ ಸಂಜೆ ನಾಳೆ ಆಗಲಿ ಎನ್ನುತ್ತೇನೆ. ನಿನ್ನ ರಕ್ತದೊತ್ತಡದ ಮಾತ್ರೆ ಸಕ್ಕರೆ ಡಬ್ಬದ ಹಿಂದೆ ಇದೆ. ಕೋಳಿಮನೆಯ ಬಾಗಿಲಿಗೆ ತಂತಿ ಸುತ್ತಲು ಮರೆಯಬೇಡ, ಮರೆತರೆ ಆಮೇಲೆ ನಾಯಿಯನ್ನು ಬೈಯಬೇಡ.

ಸುಲ್ಮಾ ಚೆನ್ನಾಗಿದ್ದಾಳೆ. ಇನ್ನಷ್ಟು ದಪ್ಪಗಾಗಿದ್ದಾಳೆ, ಇನ್ನಷ್ಟು ಜೋರಾಗಿ ಮಾತಾಡುತ್ತಾಳೆ. ಉಣ್ಣೆ ಗಿರಣಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಯಂತ್ರಗಳಲ್ಲಿ ನಿಂತಿದ್ದ ಕಾಲದಿಂದಲೂ ಅವಳಿಗೆ ಮೆಲ್ಲಗೆ ಮಾತಾಡುವುದು ಬಂದಿಲ್ಲ. ಅವಳ ಅಣ್ಣ ದಾರ್ದೊ ಬಸ್ಸು ಓಡಿಸುವುದನ್ನು ಬಿಟ್ಟು ಎರಡು ವರ್ಷವಾಯಿತು, ಆದರೂ ಕುರ್ಚಿಯಲ್ಲಿ ಕೂತಾಗ ಅವನ ಬಲಗಾಲು ಬ್ರೇಕು ಹುಡುಕುತ್ತಿರುತ್ತದೆ. ಇಬ್ಬರೂ ಸೇರಿ ನನ್ನನ್ನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಒಂದು ತಟ್ಟೆ ತೊಳೆಯಲೂ ಬಿಡುವುದಿಲ್ಲ.

ನಮ್ಮ ದಿನಚರಿ ಕೇಳಿದರೆ ನೀನು ನಗುತ್ತೀಯ. ಒಂಬತ್ತಕ್ಕೆ ಏಳುವುದು. ದಾರ್ದೊ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಅವುಚಿಕೊಂಡು, ಮಾಟೆ ಸೊಪ್ಪು ತುಂಬಿದ ಸೋರೆಬುರುಡೆಯನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ, ನಾವಿಬ್ಬರು ಹಿಂದೆ. ದಂಡೆಯ ರಸ್ತೆಯ ಕಟ್ಟೆಯ ಮೇಲೆ ಕೂತು, ಒಂದೇ ಕೊಳವೆಯಲ್ಲಿ ಸರದಿಯಂತೆ ಹೀರುತ್ತಾ, ಗಾಳ ಹಾಕಿ ನಿಂತವರಿಗೆ ಏನಾದರೂ ಸಿಕ್ಕೀತೇ ಎಂದು ನೋಡುತ್ತೇವೆ. ಯಾರಿಗೂ ಏನೂ ಸಿಗುವುದಿಲ್ಲ.

"ಸಮುದ್ರ ಇವತ್ತು ಎಷ್ಟು ತಣ್ಣಗಿದೆ ನೋಡು" ಅನ್ನುತ್ತಾನೆ ದಾರ್ದೊ.

"ಅದು ನದಿ ಕಣೋ" ಅನ್ನುತ್ತೇನೆ ನಾನು.

"ಆಚೆ ದಡ ಕಾಣ್ಸುತ್ತಾ?"

"ಇಲ್ಲ."

"ಮತ್ತೆ? ಸಮುದ್ರ."

ಮೂವತ್ತೈದು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ನೀನೂ ಅವನೂ ಇದೇ ಜಗಳ ಆಡಿದ್ದಿರಿ. ಮಧ್ಯಾಹ್ನ ಊಟವಾದ ಮೇಲೆ ಮೇಜು ಬಿಟ್ಟು ಯಾರೂ ಏಳುವುದಿಲ್ಲ, ಮಾತಾಡುತ್ತಾ ಮಾತಾಡುತ್ತಾ ಐದು ಗಂಟೆಯಾಗುತ್ತದೆ. ಆಮೇಲೆ ಇಸ್ಪೀಟು. ಇಷ್ಟು ಸುಖವಾದ ದಿನಗಳನ್ನು ನಾನು ಕಂಡೇ ಇಲ್ಲ, ಇಷ್ಟು ಭಯವಾದ ದಿನಗಳನ್ನೂ ಕಂಡಿಲ್ಲ.

ಇನ್ನು ಸುತ್ತಿಬಳಸುವುದಿಲ್ಲ. ಗಾಳಿ ಬದಲಾವಣೆಗೆ ಹೋಗಿ ಬರುತ್ತೇನೆ ಎಂದು ನಿನಗೆ ಹೇಳಿದೆನಲ್ಲ, ಅದು ಅರ್ಧ ನಿಜ. ಜನವರಿಯಲ್ಲಿ ಸ್ಮಶಾನದ ಕಚೇರಿಯಿಂದ ನಾನು ಕೆಲಸ ಮಾಡುವ ಬೇಕರಿಯ ವಿಳಾಸಕ್ಕೆ ಒಂದು ನೋಟೀಸು ಬಂತು. ನಮ್ಮ ಮಗ ಫಾಬಿಯಾನ್‌ನ ಶವಪೆಟ್ಟಿಗೆ ಇಟ್ಟಿರುವ ಬಾಡಿಗೆ ಗೋಡೆಗೂಡಿನ ಅವಧಿ ಈ ತಿಂಗಳ ಹದಿನೈದು, ಶುಕ್ರವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಮನೆಯವರು ಎದುರಿಗೆ ನಿಂತು ಗೂಡು ತೆರೆಸಿ, ಮೂಳೆಗಳನ್ನು ಚಿಕ್ಕ ಪೆಟ್ಟಿಗೆಗೆ ಹಾಕಿಸಿಕೊಂಡು ಒಯ್ಯಬೇಕು. ಎಲ್ಲಿಗೆ ಒಯ್ಯುತ್ತೇವೆ ಎಂಬುದಕ್ಕೆ ಕಾಗದ ತೋರಿಸಬೇಕು. ತೋರಿಸದಿದ್ದರೆ ಮನೆಯವರಿಲ್ಲದವರ ಮೂಳೆಗಳ ಜೊತೆಗೆ ಸಾಮೂಹಿಕ ಗುಂಡಿಗೆ. ಅಲ್ಲಿಗೆ ಹೋದವರನ್ನು ಮತ್ತೆ ಬೇರೆ ಮಾಡಲಾಗುವುದಿಲ್ಲ.

ನಮ್ಮೂರು ಟಕ್ವಾರೆಂಬೋದಲ್ಲಿ ನಿಮ್ಮ ಮನೆತನದ ಸಮಾಧಿ ಇದೆ. ಅದು ನಿನ್ನ ಹೆಸರಿನಲ್ಲಿದೆ. ನಿನ್ನ ಸಹಿ ಇಲ್ಲದೆ ಅಲ್ಲಿಗೆ ಯಾರನ್ನೂ ಸೇರಿಸುವ ಹಾಗಿಲ್ಲ. ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ, ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಬಸ್ ನಿಲ್ದಾಣದ ಪಾರ್ಸೆಲ್ ಕಿಟಕಿಯಲ್ಲಿ ಕೊಟ್ಟರೆ ಅದೇ ದಿನ ಇಲ್ಲಿಗೆ ಬರುತ್ತದೆ.

ನಾಲ್ಕೂವರೆ ವರ್ಷದ ಹಿಂದೆ ನೀನು ಏನು ಹೇಳಿದೆ ಎಂಬುದು ಮರೆತಿಲ್ಲ. "ನನ್ನ ಮೇಜಿಗೆ ಬರದವನು ನನ್ನ ಅಪ್ಪನ ಪಕ್ಕ ಮಲಗೋದು ಬೇಡ" ಎಂದೆ. ಆಗ ನಾನು ಬಾಯಿ ಬಿಡಲಿಲ್ಲ. ಈಗ ಬೇಡುತ್ತಿದ್ದೇನೆ. ಸಹಿ ಹಾಕು.

ದೇವರು ನಿನ್ನನ್ನು ಕಾಪಾಡಲಿ, ನಿನ್ನ ಹಟವನ್ನು ಸ್ವಲ್ಪ ಸಡಿಲ ಮಾಡಲಿ.

ನಿನ್ನ
ನೆಲ್ಬಾ

ತಾ.ಕ.: ಫಾಬಿಯಾನ್ ಇಲ್ಲಿದ್ದಾಗ ಮಲಗುತ್ತಿದ್ದ ಹಾಸಿಗೆಯಲ್ಲೇ ನನ್ನನ್ನು ಮಲಗಿಸಿದ್ದಾರೆ. ಸುಲ್ಮಾ ಬೇರೆ ಕೋಣೆ ಕೊಡುತ್ತೇನೆ ಎಂದಳು, ನಾನೇ ಬೇಡವೆಂದೆ.

*

ಮಾಂಟೆವಿಡಿಯೊ
ಭಾನುವಾರ, ೧೦ ಮಾರ್ಚ್

ವಿಲ್ಮಾರ್,

ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಕ್ಷಮಿಸು. ಹೊರಗೆ ಮಳೆ, ಸುಲ್ಮಾ ಕರಿದ ರೊಟ್ಟಿ ಮಾಡಿದ್ದಾಳೆ, ಬೆರಳೆಲ್ಲ ಎಣ್ಣೆ. ಈ ಊರಿನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಬೀದಿಯ ಎಲ್ಲ ಮನೆಗಳಿಂದಲೂ ಇದೇ ವಾಸನೆ. ಮಳೆನೀರಲ್ಲೇ ಹಿಟ್ಟು ಕಲೆಸಬೇಕು ಎಂದು ದಾರ್ದೊ ಪಾತ್ರೆ ಹಿಡಿದು ಅಂಗಳಕ್ಕೆ ಓಡಿದ. "ನಿನ್ನ ಆ ಪಾತ್ರೇಲಿ ಪಾರಿವಾಳ ಏನೇನು ಮಾಡಿದೆಯೋ, ನಲ್ಲಿ ನೀರಲ್ಲೇ ಕಲ್ಸಿದ್ದೀನಿ, ಬಾಯ್ಮುಚ್ಕೊಂಡು ತಿನ್ನು" ಎಂದಳು ಸುಲ್ಮಾ.

ಆರು ದಿನವಾಯಿತು. ದಿನಾ ಸಂಜೆ ನಾವು ಮೂವರೂ ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತೇವೆ. ವಿಹಾರಕ್ಕೆ ಹೊರಟವರ ಹಾಗೆ ಕೈಕೈ ಹಿಡಿದು, ಅಂಗಡಿಯ ಗಾಜುಗಳನ್ನು ನೋಡುತ್ತಾ, ದಾರಿಯಲ್ಲಿ ಕಡಲೆಹಿಟ್ಟಿನ ಫೈನಾ ಒಂದೊಂದು ತುಂಡು ತಿನ್ನುತ್ತಾ. ಪಾರ್ಸೆಲ್ ಕಿಟಕಿಯ ಹುಡುಗಿಗೆ ಈಗ ನನ್ನ ಹೆಸರು ಕೇಳಬೇಕಾಗಿಲ್ಲ. ದೂರದಿಂದಲೇ ತಲೆ ಅಲ್ಲಾಡಿಸುತ್ತಾಳೆ.

ಬೇಕರಿಗೆ ಫೋನ್ ಮಾಡಿದೆ. ಅಲ್ಲಿನ ವಿಳಾಸಕ್ಕೆ ಹಾಕಿದ್ದ ನನ್ನ ಕಾಗದವನ್ನು ನೀನು ಅಲ್ಲಿಯೇ, ಗಲ್ಲಾಪೆಟ್ಟಿಗೆಯ ಮುಂದೆಯೇ ನಿಂತು ಓದಿದೆಯಂತೆ. ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿಗಿಟ್ಟು, ಬ್ರೆಡ್ಡು ತೆಗೆದುಕೊಂಡು ಹೊರಟುಹೋದೆಯಂತೆ. "ಮುಖ ಹೇಗಿತ್ತು?" ಎಂದು ಕೇಳಿದೆ. "ಅವ್ರ ಮುಖ ಯಾವಾಗ್ಲೂ ಹೇಗಿರುತ್ತೋ ಹಾಗೇ" ಎಂದಳು ಗಲ್ಲಾದಲ್ಲಿ ಕೂರುವವಳು. ನಾನು ಮೂವತ್ತೈದು ವರ್ಷ ಓದಿದ ಮುಖ ಅದು, ಇಲ್ಲಿಂದ ಓದಲು ಆಗುತ್ತಿಲ್ಲ.

ಬೆಳಿಗ್ಗೆ ಮಳೆಗೆ ಮುಂಚೆ ಭಾನುವಾರದ ಸಂತೆಗೆ ಹೋಗಿದ್ದೆವು. ದಾರ್ದೊ ಮುಳ್ಳುಗಳಿಲ್ಲದ ಗೋಡೆ ಗಡಿಯಾರ ಒಂದನ್ನು ನೋಡಿ ಮರುಳಾಗಿ, ತಾನು ಸರಿಮಾಡುತ್ತೇನೆ ಎಂದು ಕೊಂಡುಕೊಂಡ. ಸುಲ್ಮಾ ಬೀದಿಯುದ್ದಕ್ಕೂ ಬೈದಳು. ನಾನೂ ನಕ್ಕೆ, ವಿಲ್ಮಾರ್. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಒಂದು ಅಂಗಡಿಯಲ್ಲಿ ಹಳದಿ ಕಪ್ಪು ಪಟ್ಟಿಯ, ಪೆನ್ಯರೋಲ್ ಫುಟ್‌ಬಾಲ್ ತಂಡದ ಅಂಗಿಗಳನ್ನು ತೂಗುಹಾಕಿದ್ದು ಕಂಡಿತು. ಅಲ್ಲಿಂದ ಮುಂದೆ ನನಗೆ ನಡೆಯಲಾಗಲಿಲ್ಲ.

ಒಂದು ಅಂಗಿಯ ಬಣ್ಣಕ್ಕೆ ನಾವು ಏನು ಮಾಡಿಕೊಂಡೆವು ನೋಡು. ಅವನು ಹುಟ್ಟಿದ ಮೂರನೆಯ ದಿನ, ಇನ್ನೂ ಹೆಸರು ನೋಂದಾಯಿಸುವ ಮೊದಲೇ, ನೀನು ಅವನನ್ನು ಅವರ ಎದುರಾಳಿ ನಾಸಿಯೊನಾಲ್ ಕ್ಲಬ್ಬಿನ ಸದಸ್ಯನನ್ನಾಗಿ ಮಾಡಿಸಿ ಬಂದೆ. ನಮ್ಮ ಊರಿನ ಅಭಿಮಾನಿಗಳ ಮನೆಯ ಬೀಗದಕೈ ಇಪ್ಪತ್ತು ವರ್ಷ ನಿನ್ನ ಬೆಲ್ಟಿನಲ್ಲೇ ಇತ್ತು. ಅಂಥವನ ಮಗ ಹದಿನೆಂಟನೆಯ ವಯಸ್ಸಿನಲ್ಲಿ, ವರ್ಕ್‌ಶಾಪಿನ ಗೆಳೆಯರ ಜೊತೆ ಸೇರಿ, ಆ ಹಳದಿ ಅಂಗಿ ಹಾಕಿಕೊಂಡು ಮನೆಗೆ ಬಂದ. "ಅದನ್ನ ಹಾಕ್ಕೊಂಡು ಈ ಬಾಗಿಲು ದಾಟ್ಬೇಡ" ಎಂದೆ ನೀನು. ಅವನು ದಾಟಲಿಲ್ಲ. ಚೀಲ ತೆಗೆದುಕೊಂಡು ಇಲ್ಲಿಗೆ, ಸುಲ್ಮಾಳ ಮನೆಗೆ ಬಂದ. ಎಂಟು ತಿಂಗಳು ನೀನು ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ. ಬೇರೆ ಊರಿನವರಿಗೆ ಹೇಳಿದರೆ ಹುಚ್ಚರು ಎನ್ನುತ್ತಾರೆ. ಇಲ್ಲಿ ಯಾರಿಗೆ ಹೇಳಿದರೂ, "ಪಾಪ, ಅಪ್ಪನಿಗೆ ಎಷ್ಟು ನೋವಾಗಿರ್ಬೇಕು" ಎನ್ನುತ್ತಾರೆ.

ನಿನ್ನ ಅರುವತ್ತನೆಯ ಹುಟ್ಟುಹಬ್ಬದ ಭಾನುವಾರ ನೀನೇ ಕೆಂಡದ ಮುಂದೆ ನಿಂತಿದ್ದೆ. ಅವನಿಗೆ ಇಷ್ಟವಾದ ಪಕ್ಕೆಲುಬಿನ ತುಂಡನ್ನು ತೆಗೆದು ತಟ್ಟೆ ಮುಚ್ಚಿ ಇಟ್ಟೆ. ಯಾರಿಗೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕತ್ತಲಾಗುವ ತನಕ ಅದು ಅಲ್ಲಿಯೇ ಇತ್ತು. ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ನೀನು ಅತ್ತದ್ದನ್ನು ನಾನು ನೋಡಲಿಲ್ಲ. ಅವನು ಸತ್ತದ್ದಕ್ಕಿಂತ ಅವನು ಬರಲಿಲ್ಲ ಎಂಬುದೇ ನಿನ್ನಲ್ಲಿ ಕಲ್ಲಾಗಿ ಕೂತಿತು.

ಗುರುವಾರ ಸ್ಮಶಾನದ ಕಚೇರಿಗೆ ಹೋಗಿ ಗಡುವು ಮುಂದೆ ಹಾಕಲು ಕೇಳಿದೆ. ಗುಮಾಸ್ತ ಒಳ್ಳೆಯವನು, ನಮ್ಮ ಕಡೆಯವನೇ, ಉತ್ತರದವನು. "ಅಮ್ಮಾ, ಆಗ್ಲೇ ಎರಡು ಸಲ ಮುಂದಕ್ಕೆ ಹಾಕಿದ್ದೀವಿ, ನೋಟೀಸಲ್ಲೇ ಇದೆ ನೋಡಿ" ಎಂದ. ಹಿಂದಿನ ಎರಡು ನೋಟೀಸುಗಳನ್ನು ನಾನು ಬೇಕರಿಯ ಒಲೆಗೆ ಹಾಕಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. "ಶುಕ್ರವಾರ ಹನ್ನೊಂದು ಗಂಟೆಗೆ ನಿಮ್ಮ ಸರದಿ. ಕಾಗದ ಇದ್ರೆ ಪೆಟ್ಟಿಗೆ ನಿಮ್ಮ ಕೈಗೆ. ಇಲ್ದಿದ್ರೆ ನನ್ನ ಕೈಲಿ ಏನಿಲ್ಲಮ್ಮ" ಎಂದು ನನಗೆ ಒಂದು ಲೋಟ ನೀರು ಕೊಟ್ಟ.

ಸುಲ್ಮಾ ನನ್ನನ್ನು ದಿನಾ ಕುಟುಕುತ್ತಿದ್ದಾಳೆ. "ಅವ್ನಿಗೆ ಅದನ್ನ ಬರೆದ್ಯಾ? ಬರೆದ್ರೆ ಸಹಿ ಮಾಡ್ತಾನೆ. ಅವತ್ತೇ ಮಾಡ್ತಾನೆ" ಎನ್ನುತ್ತಾಳೆ. ಅದು ಏನು ಎಂದು ನನ್ನನ್ನು ಕೇಳಬೇಡ. ಎದುರಿಗೆ ಕೂತು ಹೇಳಬೇಕಾದ ಮಾತು. ನೀನು ಸಹಿ ಮಾಡಬೇಕಾದ್ದು ಅದಕ್ಕಾಗಿ ಅಲ್ಲ, ಅವನು ನಿನ್ನ ಮಗ ಎಂಬುದಕ್ಕಾಗಿ.

ಐದು ದಿನ ಉಳಿದಿದೆ. ನಿನಗೆ ಒಳ್ಳೆಯ ನಿದ್ದೆ ಬರಲಿ.

ನೆಲ್ಬಾ

ತಾ.ಕ.: ಆ ಗಡಿಯಾರ ಓಡುತ್ತಿದೆ. ಮುಳ್ಳುಗಳಿಲ್ಲ, ಆದರೆ ಸದ್ದು ಮಾತ್ರ ಮನೆಯೆಲ್ಲ ಕೇಳುತ್ತದೆ. ತೆಗೆದು ಹೊರಗಿಡು ಎಂದು ದಾರ್ದೊನಿಗೆ ಹೇಳಬೇಕೆಂದರೆ ಅವನ ಖುಷಿ ನೋಡಿ ಹೇಳಲಾಗುತ್ತಿಲ್ಲ.

*

ಬುಧವಾರ, ೧೩ ಮಾರ್ಚ್

ವಿಲ್ಮಾರ್,

ಇವತ್ತು ಕ್ಷೇಮ ಸಮಾಚಾರ ಇಲ್ಲ. ನಿನ್ನಿಂದ ಒಂದು ಸಾಲೂ ಇಲ್ಲ. ಇದು ನಿನಗೆ ನಾಳೆ ಬೆಳಿಗ್ಗೆ ಸಿಗುತ್ತದೆ, ನಾಳೆ ಮಧ್ಯಾಹ್ನದ ಬಸ್ಸು ನಿನಗಿರುವ ಕೊನೆಯ ಬಸ್ಸು. ಅದು ತಪ್ಪಿದರೆ ಶುಕ್ರವಾರ ಹನ್ನೊಂದಕ್ಕೆ ನಾನು ಬರಿಗೈಯಲ್ಲಿ ನಿಂತು, ಅವನನ್ನು ಗುಂಡಿಗೆ ಸುರಿಯುವುದನ್ನು ನೋಡಬೇಕು. ಸುರಿಯುವುದು ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ. ಓದು.

ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಸುಲ್ಮಾ ಬುತ್ತಿ ಕಟ್ಟಿಸಿಕೊಂಡು ನಮ್ಮನ್ನು ಮರಳಿಗೆ ಕರೆದುಕೊಂಡು ಹೋದಳು. ಛತ್ರಿ, ಮಡಿಸುವ ಕುರ್ಚಿ, ಕಲ್ಲಂಗಡಿ. ಸುತ್ತಲೂ ಮಕ್ಕಳು ಕಿರುಚಿಕೊಂಡು ನೀರಿಗೆ ಓಡುತ್ತಿದ್ದವು. ದಾರ್ದೊ ನನ್ನ ಜೊತೆ ತ್ರೂಕೊ ಇಸ್ಪೀಟು ಆಡಲು ಕೂತ. ನಿನಗೆ ಗೊತ್ತಲ್ಲ, ಕೈಯಲ್ಲಿ ಏನೂ ಇಲ್ಲದೆ ಎಲ್ಲ ಇದೆ ಎಂದು ಮುಖ ಮಾಡುವವನೇ ಆ ಆಟದಲ್ಲಿ ಗೆಲ್ಲುವುದು. ನಾಲ್ಕು ಆಟ ನಾನೇ ಗೆದ್ದೆ.

"ಅಬ್ಬಾ ನೆಲ್ಬಾ, ಇಷ್ಟು ಚೆನ್ನಾಗಿ ಸುಳ್ಳು ಹೇಳೋದು ಯಾವಾಗ ಕಲ್ತೆ?" ಎಂದ ದಾರ್ದೊ. ಆಟದ ಮಾತು ಅದು, ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ನಾನು ಎಲೆಗಳನ್ನು ಮರಳಿಗೆ ಎಸೆದೆ. ಗಾಳಿಗೆ ಹಾರಿಹೋದವು. ನಿಮಗೆ ಯಾರಿಗೂ ಹೃದಯವಿಲ್ಲವೇ, ನನ್ನ ಮಗನನ್ನು ಬಿಸಾಡುವುದಕ್ಕೆ ಎರಡು ದಿನ ಇರುವಾಗ ಕಲ್ಲಂಗಡಿ ಕೊಯ್ಯುತ್ತೀರಲ್ಲ ಎಂದು ಕೂಗಿದೆ. ಅಕ್ಕಪಕ್ಕದವರೆಲ್ಲ ನೋಡಿದರು. ದಾರ್ದೊ ಎದ್ದು, ಆ ವಯಸ್ಸಿನಲ್ಲಿ, ಒಂದೊಂದೇ ಎಲೆಯ ಹಿಂದೆ ಓಡಿ ಹೆಕ್ಕಿಕೊಂಡು ಬಂದ. ಸುಲ್ಮಾ ಮಾತ್ರ ಚಾಕು ಕೆಳಗಿಡಲಿಲ್ಲ. "ನಾವು ಕೊಯ್ಯದೇ ಇದ್ರೆ ನೀನು ಹದಿನೆಂಟು ದಿನ ಹಾಸಿಗೆ ಬಿಟ್ಟು ಏಳ್ತಾನೇ ಇರ್ಲಿಲ್ಲ ಕಣೇ. ತಿನ್ನು" ಎಂದು ಹೋಳು ಕೈಗಿಟ್ಟಳು. ತಿಂದೆ. ಅಳುತ್ತಾ ತಿಂದೆ. ಅವಳು ಹೇಳಿದ್ದು ಸರಿ.

ವಿಲ್ಮಾರ್, ನಾನು ನಿನ್ನನ್ನು ಹೆಚ್ಚು ಬೇಡಿದವಳಲ್ಲ. ಮನೆ ಬೇಕು ಎನ್ನಲಿಲ್ಲ, ಒಡವೆ ಬೇಕು ಎನ್ನಲಿಲ್ಲ, ಅವನನ್ನು ಹೊರಗೆ ಕಳಿಸಿದಾಗ ನಿನ್ನ ಕಾಲಿಗೆ ಬೀಳಲಿಲ್ಲ. ಬೀಳಬೇಕಾಗಿತ್ತು. ಈಗ ಬೀಳುತ್ತಿದ್ದೇನೆ. ನಿನ್ನ ಅಪ್ಪನ ಪಕ್ಕ ಬೇಡವೆಂದರೆ ಕೆಳಗಿನ ಮೂಲೆಯಲ್ಲಿಡು, ಹೆಸರು ಕೆತ್ತಿಸಬೇಡ. ಅಷ್ಟೂ ಆಗುವುದಿಲ್ಲವೆಂದರೆ ಒಂದು ವಿಷಯ ತಿಳಿದಿರು. ಅವನಿಗೆ ಜಾಗವಿಲ್ಲದ ಕಡೆ ನನಗೂ ಬೇಡ. ನನ್ನನ್ನೂ ಇಲ್ಲೇ ಎಲ್ಲಾದರೂ ಹಾಕಲಿ.

ಬೈದು ಬರೆದರೂ ಪರವಾಗಿಲ್ಲ. ಸಹಿ ಮಾತ್ರ ಬರಲಿ.

ನೆಲ್ಬಾ

ತಾ.ಕ.: ಸುಲ್ಮಾ ಹೇಳಿದ ಆ ಮಾತನ್ನು ಇಲ್ಲಿ ಬರೆಯಬೇಕೆಂದು ಎರಡು ಹಾಳೆ ಹಾಳುಮಾಡಿದೆ. ಆಗಲಿಲ್ಲ.

*

ಮಾಂಟೆವಿಡಿಯೊ
ಶುಕ್ರವಾರ, ೧೫ ಮಾರ್ಚ್, ಮಧ್ಯಾಹ್ನ

ನನ್ನ ಪ್ರೀತಿಯ ಮುದುಕನಿಗೆ,

ಬಂತು. ನಿನ್ನೆ ಸಂಜೆ ಕಿಟಕಿಯ ಹುಡುಗಿ ನಾನು ಇನ್ನೂ ಮೆಟ್ಟಿಲ ಹತ್ತಿರ ಇರುವಾಗಲೇ ಲಕೋಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಹಿಂದಿನ ಎರಡು ಕಾಗದಗಳಲ್ಲಿ ನಿನಗೆ ಚುಚ್ಚಿ ಬರೆದದ್ದಕ್ಕೆಲ್ಲ ಕ್ಷಮೆ ಇರಲಿ. ದಾರ್ದೊ ನಿಲ್ದಾಣದ ನಡುವೆಯೇ ನನ್ನ ಹೆಗಲು ಹಿಡಿದು ನಿಂತ. ಸುಲ್ಮಾ ಆ ಹುಡುಗಿಗೆ ಕಿಟಕಿಯೊಳಗೆ ತಲೆ ತೂರಿಸಿ ಮುತ್ತು ಕೊಟ್ಟಳು.

ಕಾಗದದಲ್ಲಿ ನಿನ್ನ ಸಹಿ ಇತ್ತು, ಪೆನ್ಸಿಲ್ ಗುರುತಿನ ಮೇಲೆಯೇ, ಶಾಲೆಯ ಹುಡುಗನ ಹಾಗೆ ಒತ್ತಿ ಬರೆದದ್ದು. ಅದರ ಜೊತೆಗಿದ್ದ ಚೀಟಿಯನ್ನು ಆಗಲೇ ಓದಿದೆ, ಆಮೇಲೆ ಹಾಸಿಗೆಯಲ್ಲಿ ಓದಿದೆ, ಬೆಳಿಗ್ಗೆ ಎದ್ದು ಓದಿದೆ. "ನೆಲ್ಬಾ, ಸಹಿ ಹಾಕಿದ್ದೇನೆ. ಕರೆದುಕೊಂಡು ಬಾ. ಅಪ್ಪನ ಪಕ್ಕದಲ್ಲಿಯೇ ಇಡೋಣ. ಆ ಭಾನುವಾರ ಅವನು ಬರಲಿಲ್ಲ ಎಂಬುದನ್ನು ಕ್ಷಮಿಸಿದ್ದೇನೆ. ಕೋಳಿಗಳು ಚೆನ್ನಾಗಿವೆ." ಇಷ್ಟೇ. ಇದನ್ನು ಬರೆಯಲು ನಿನಗೆ ಹತ್ತು ದಿನ ಹಿಡಿದದ್ದು ಏಕೆ ಎಂದು ನನಗೆ ಅರ್ಥವಾಯಿತು.

ಇವತ್ತು ಹನ್ನೊಂದಕ್ಕೆ ಹೋದೆವು. ನೀನು ಇರಲಿಲ್ಲವಾದ್ದರಿಂದ ಎಲ್ಲವನ್ನೂ ಹೇಳುತ್ತೇನೆ. ಕೆಲಸದವರು ಇಬ್ಬರು, ಕೈಗವಸು ಹಾಕಿದವರು. ಗೂಡಿನ ಮುಂದಿನ ಹಲಗೆ ತೆಗೆದರು. "ಅಮ್ಮ, ನೀವು ಬೇಕಾದ್ರೆ ಆಕಡೆ ತಿರುಗಿ. ನೋಡ್ಲೇಬೇಕು ಅಂತೇನಿಲ್ಲ, ಇಲ್ಲಿ ನಿಂತಿದ್ರೆ ಸಾಕು" ಎಂದ ಹಿರಿಯವನು. ನಾನು ತಿರುಗಲಿಲ್ಲ. ಒಂದು ಕೈಯನ್ನು ಸುಲ್ಮಾ ಹಿಡಿದಿದ್ದಳು, ಇನ್ನೊಂದನ್ನು ದಾರ್ದೊ.

ಅಂಗಿ ಹಾಗೆಯೇ ಇತ್ತು, ವಿಲ್ಮಾರ್. ಮರ ಪುಡಿಯಾಗಿತ್ತು, ಮಿಕ್ಕದ್ದೆಲ್ಲ ಆಗಬೇಕಾದಂತೆ ಆಗಿತ್ತು. ಆದರೆ ಆ ನೈಲಾನ್ ಅಂಗಿಗೆ ಏನೂ ಆಗಿರಲಿಲ್ಲ. ಬಿಳಿಯದು. ನಾಸಿಯೊನಾಲ್‌ನದು. ಎದೆಯ ಮೇಲಿನ ಚಿಹ್ನೆಯ ಕೆಂಪು ನೀಲಿ ಕೂಡ ಮಾಸಿರಲಿಲ್ಲ.

ಅದು ನನ್ನ ಕೆಲಸ. ಅವನನ್ನು ಸಿದ್ಧಮಾಡಿದ ದಿನ ಸುಲ್ಮಾ ಅವನ ಹಳದಿ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ ತಂದಿದ್ದಳು. ನಾನು ಬೇಡವೆಂದೆ. ಅವನು ಹದಿನಾರರಲ್ಲಿ ಹಾಕುತ್ತಿದ್ದ ಬಿಳಿ ಅಂಗಿಯನ್ನು ಊರಿನಿಂದ ಚೀಲದಲ್ಲಿ ತಂದಿದ್ದೆ, ಅದನ್ನೇ ಬಿಗಿಯಾಗಿ ತೊಡಿಸಿದೆ. ನೀನು ಪೆಟ್ಟಿಗೆಯ ಹತ್ತಿರ ಬಂದು ನೋಡುತ್ತೀಯ, ನೋಡಿದರೆ ಮನಸ್ಸು ಕರಗುತ್ತದೆ ಎಂದುಕೊಂಡೆ. ನೀನು ಬಾಗಿಲ ಹತ್ತಿರವೇ ನಿಂತುಬಿಟ್ಟೆ, ಟೋಪಿ ಕೈಯಲ್ಲಿ ಹಿಡಿದು. ನಾಲ್ಕೂವರೆ ವರ್ಷ ಅವನು ತನ್ನದಲ್ಲದ ಅಂಗಿಯಲ್ಲಿ ಮಲಗಿದ್ದ.

ದಾರ್ದೊ ಅದನ್ನು ನೋಡಿ, "ಪಾಪ ಹುಡುಗ, ಎದುರಾಳಿ ಕಡೆಯವರ ಜೊತೆ ಇಷ್ಟು ದಿನ ಹೇಗೆ ತಡ್ಕೊಂಡ್ನೋ" ಎಂದ. ಆಮೇಲೆ ಅವನೇ ಗೋಡೆಗೆ ಹಣೆ ಒತ್ತಿ ಅತ್ತ. ಕೆಲಸದವನು ಅಂಗಿ ಏನು ಮಾಡಲಿ ಎಂದು ಕೇಳಿದ. ಬೇಡ, ಬಿಡಿ ಎಂದೆ. ಮೂಳೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಟ್ಟರು, ಅವಸರ ಮಾಡಲಿಲ್ಲ. ಸುಲ್ಮಾ ತನ್ನ ಕೈಚೀಲದಿಂದ ಹಳದಿ ಕಪ್ಪು ಅಂಗಿ ತೆಗೆದು, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅದನ್ನೇ ಮೇಲೆ ಹೊದಿಸಿ ಮುಚ್ಚಳ ಹಾಕಿದರು. ನೀನು ಇದನ್ನು ಒಪ್ಪಲೇಬೇಕು.

ಪೆಟ್ಟಿಗೆ ಈಗ ಅವನ ಹಾಸಿಗೆಯ ಮೇಲಿದೆ. ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟಿದೆ, ಅಷ್ಟೇ. ಮೇಜಿನ ಮೇಲೆ ಊಟ ಹಾಗೆಯೇ ಇದೆ. ಆ ಗಡಿಯಾರವನ್ನು ದಾರ್ದೊ ತಾನಾಗಿಯೇ ನಿಲ್ಲಿಸಿದ. ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡುತ್ತೇನೆ, ಎರಡೂವರೆಗೆ ಅಲ್ಲಿರುತ್ತೇನೆ. ಈ ಕಾಗದ ಇವತ್ತಿನ ಸಂಜೆಯ ಬಸ್ಸಿನಲ್ಲಿ ದಾರ್ದೊನ ಹಳೆಯ ಜೊತೆಗಾರ ಚಾಲಕನ ಕೈಯಲ್ಲಿ ಬರುತ್ತದೆ. ನಾನು ಬರುವ ಮೊದಲೇ ಅದು ನಿನ್ನ ಕೈ ಸೇರಲಿ ಎಂದು ಬೇಕೆಂದೇ ಹೀಗೆ ಮಾಡಿದೆ.

ಸಹಿ ಹಾಕಿದ ನಿನ್ನ ಕೈ ತಣ್ಣಗಿರಲಿ. ನಿನ್ನ ಅಪ್ಪ ಅಮ್ಮ ಅವನಿಗೆ ಸ್ವಲ್ಪ ಜಾಗ ಮಾಡಿಕೊಡಲಿ. ದೇವರು ನಿನಗೆ ನೆಮ್ಮದಿ ಕೊಡಲಿ.

ನಿನ್ನ
ನೆಲ್ಬಾ

ತಾ.ಕ.: ಇಲ್ಲಿಗೆ ಮುಗಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ನೀನು ಸಹಿ ಹಾಕದಿದ್ದರೆ ಇದನ್ನು ಹೇಳದೆಯೇ ಸಾಯುತ್ತಿದ್ದೆನೋ ಏನೋ. ಆದರೆ ನೀನು ಅವನನ್ನು ಕ್ಷಮಿಸಿದ್ದೇನೆ ಎಂದು ಬರೆದೆ. ಆ ಕ್ಷಮೆಯನ್ನು ಅವನ ಪೆಟ್ಟಿಗೆಯ ಜೊತೆ ಮನೆಗೆ ಹೊತ್ತು ತರಲು ನನ್ನಿಂದ ಆಗುವುದಿಲ್ಲ.

ಅವನು ಬರುವವನಿದ್ದ. ನಿನ್ನ ಹುಟ್ಟುಹಬ್ಬದ ಹಿಂದಿನ ಶುಕ್ರವಾರ ಬೇಕರಿಗೆ ಫೋನ್ ಮಾಡಿದ. "ಅಮ್ಮಾ, ಟಿಕೆಟ್ ತಗೊಂಡಿದ್ದೀನಿ. ಅಪ್ಪನಿಗೆ ಹೇಳ್ಬೇಡ. ಭಾನುವಾರ ಬೆಳಿಗ್ಗೆ ಬಂದು ಬಾಗಿಲು ತಟ್ತೀನಿ" ಎಂದ. ಯಾವ ಅಂಗಿ ಹಾಕಿಕೊಂಡು ಬರುತ್ತೀಯ ಎಂದು ಕೇಳಿದೆ. ನಕ್ಕ. "ಇರೋದ್ರಲ್ಲಿ ಒಳ್ಳೇದು ಅದೊಂದೇ ಅಮ್ಮ" ಎಂದ. ತಮಾಷೆಗೆ ಹೇಳಿದನೋ ನಿಜವಾಗಿಯೋ ಇವತ್ತಿಗೂ ಗೊತ್ತಿಲ್ಲ. ನಾನು ಹೆದರಿದೆ. ನಿನ್ನ ಕ್ಲಬ್ಬಿನ ನಲವತ್ತು ಜನ ಅಂಗಳದಲ್ಲಿರುತ್ತಾರೆ, ಅವರೆದುರು ನೀನು ಅವನನ್ನು ಮತ್ತೆ ಹೊರಗೆ ಹಾಕುತ್ತೀಯ, ಹಬ್ಬ ಹಾಳಾಗುತ್ತದೆ ಎಂದು ಹೆದರಿದೆ. "ಈ ಭಾನುವಾರ ಬೇಡ ಮಗಾ, ಮುಂದಿನ ವಾರ ಬಾ, ಯಾರೂ ಇರಲ್ಲ" ಎಂದೆ. "ಸರಿ ಅಮ್ಮ" ಎಂದ. ಅವನಿಗೆ ಆ ಭಾನುವಾರ ಮಾಡಲು ಬೇರೆ ಏನೂ ಇರಲಿಲ್ಲ. ಗೆಳೆಯನ ಮೋಟಾರ್ ಬೈಕಿನ ಹಿಂದೆ ಕೂತು ಸಮುದ್ರಕ್ಕೆ ಹೊರಟ, ಆ ಬೈಕು ಹಿಂದಿರುಗಲಿಲ್ಲ.

ಅದೇ ಹೊತ್ತಿಗೆ ನೀನು ಆ ತುಂಡಿನ ಮೇಲೆ ತಟ್ಟೆ ಮುಚ್ಚುತ್ತಿದ್ದೆ. ಪ್ರತಿ ಸಲ ಗೇಟು ಸದ್ದಾದಾಗ ನೀನು ತಿರುಗುತ್ತಿದ್ದದ್ದನ್ನು ನಾನು ನೋಡಿದೆ. "ಬಸ್ಸು ತಪ್ಪಿರ್ಬೇಕು" ಎಂದು ನಿನಗೆ ಹೇಳಿದವಳೂ ನಾನೇ. ಆಮೇಲೆ ನೀನು ಸತ್ತವನ ಮೇಲೆ ಕೋಪ ಮಾಡಿಕೊಂಡೆ, ಅವನನ್ನು ನಿನ್ನ ಸಮಾಧಿಗೆ ಬೇಡವೆಂದೆ. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ನಾನು ಹೇಳಲಿಲ್ಲ. ಸುಲ್ಮಾಗೆ ಗೊತ್ತು, ದಾರ್ದೊಗೂ ಗೊತ್ತು. ಬಳಸದ ಆ ಟಿಕೆಟನ್ನು ಸುಲ್ಮಾ ಇಷ್ಟು ವರ್ಷ ಅಂಗಿಗುಂಡಿಗಳ ಡಬ್ಬದಲ್ಲಿ ಇಟ್ಟಿದ್ದಳು. ಇದರೊಳಗೆ ಇಟ್ಟಿದ್ದೇನೆ, ತಾರೀಕು ನೋಡು.

ನಾಳೆ ಎರಡೂವರೆಗೆ ನಿಲ್ದಾಣಕ್ಕೆ ಬಾ, ವಿಲ್ಮಾರ್. ನನ್ನ ಜೊತೆ ಮಾತಾಡಬೇಡ, ನನ್ನ ಚೀಲ ಹಿಡಿದುಕೊಳ್ಳಬೇಡ. ಅವನನ್ನು ಕರೆದುಕೊಂಡು ಹೋಗಲು ಬಾ.